ಊರಿಗೆ ಹೋಗಿ ತೋರಿಸುವ ಕಾಯಿಲೆ

ಇಲ್ಲ ಎಂದುಬಿಟ್ಟರೆ ಏನು ತಪ್ಪು? ಹಾಲೇಶ ಬಾಗಿಲಲ್ಲಿ ನಿಂತು ಯೋಚಿಸುತ್ತಿದ್ದ. ಒಂದೇ ಮಾತು, ಇಲ್ಲ. ಕೇಳಲು ಬಂದವರು ಮೆಟ್ಟಿಲಿಳಿದು ಹೋಗುತ್ತಾರೆ. ಹೌದು ಎಂದರೆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ? ಅವನ ಕೆಲಸ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ. ಮ್ಯಾನೇಜರ ಕಿವಿಗೆ ಬಿದ್ದರೆ? ಮನೆ ಮಾಲೀಕರು 'ಕಾಯಿಲೆಯವರು ಬೇಡ' ಎಂದುಬಿಟ್ಟರೆ?

ಎದುರಿಗೆ ನಿಂತವಳು ವಿಭಾ, ಆರೋಗ್ಯ ಸಮೀಕ್ಷೆಗೆ ಬಂದ ಹುಡುಗಿ. ವಡೋದರಾ ಹತ್ತಿರದ ಕೊಯಾಲಿ ಟೌನ್‌ಶಿಪ್ಪಿನಲ್ಲಿ ಬೆಳೆದವಳು. ಮನೆಮಾತು ಕನ್ನಡವೆಂದು ಆರೋಗ್ಯ ಇಲಾಖೆಯವರು ಅವಳನ್ನು ಕನ್ನಡದವರು ಹೆಚ್ಚಿರುವ ಈ ಓಣಿಗೆ ಕಳಿಸಿದ್ದರು.

"ಮನೇಲಿ ಯಾರಿಗಾದ್ರೂ ಶ್ವಾಸ್... ಅಂದ್ರೆ, ಉಸಿರಿಂದು ತಕ್ಲೀಫ್ ಇದೆಯಾ ಅಂಕಲ್? ಸಾರಿ, ನನ್ನ ಕನ್ನಡ ಥೋಡಾ ಕಚ್ಚಾ."

"ಇಲ್ಲಮ್ಮ. ಎಲ್ಲಾ ಆರಾಮಿದೀವಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ನೀಲಾ ಕೈ ಒರೆಸುತ್ತ ಹೊರಗೆ ಬಂದು ಗಂಡನ ಮುಖ ನೋಡಿದಳು. ನಾಲ್ಕು ವರ್ಷದ ಮಗಳು ನಿಶ್ಚಿತಾ ಚಾಪೆಯ ಮೇಲೆ ಕೂತು ನವಿಲಿನ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಅವಳು ಉಸಿರೆಳೆದಾಗಲೆಲ್ಲ ಎದೆಯೊಳಗೆ ಸಣ್ಣ ಸಿಳ್ಳೆಯೊಂದು ಎದ್ದು ಅಡಗುತ್ತಿತ್ತು. ದೊಡ್ಡವರು ಮೂವರಿಗೂ ಅದು ಕೇಳಿಸಿತು.

"ಒಳಗೆ ಬಾರಮ್ಮ, ಚಹಾ ಕುಡಿದು ಹೋಗು," ಎಂದಳು ನೀಲಾ.

ಅಷ್ಟರಲ್ಲಿ ಮೇಲಿನ ಮನೆಯ ಗುರುಕಿರಣ್ ಇಳಿದು ಬಂದ. ಹುಬ್ಬಳ್ಳಿಯವನು, ಬಾಯಿ ತುಸು ಜೋರು.

"ಏನ್ ಹಾಲೇಶಣ್ಣ, ಓಟಿನ ಚೀಟಿ ಬಂತೇನು?"

"ಅಲ್ಲಪ್ಪ, ಯಾರಿಗೆ ಏನ್ ಕಾಯಿಲೆ ಅಂತ ಕೇಳ್ತಾ ಇದಾರೆ."

"ಬರಕೋರಿ ಮೇಡಂ, ಗುರುಕಿರಣಗ ಬಾಸ್‌ನ ಮಾರಿ ನೋಡಿದ್ರ ತಲಿನೋವು. ಅದಕ್ಕ ಔಷಧ ಕೊಡ್ತೀರೇನು?" ಎಂದು ನಕ್ಕು ಕುರ್ಚಿ ಎಳೆದುಕೊಂಡ. "ಇದನ್ನೆಲ್ಲ ಬರಕೊಂಡು ಏನ್ ಮಾಡ್ತೀರಿ? ನಾವು ಹೊರಗಿನ ಮಂದಿ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲಿ."

ವಿಭಾ ನಗಲಿಲ್ಲ. "ರಸ್ತೆ ಆಚೆ ಸೊಸೈಟಿ ಇದೆಯಲ್ಲ, ಅಲ್ಲಿಗೆ ಪ್ರತಿ ವಾರ ಮಕ್ಕಳ ಡಾಕ್ಟರ್ ಬರ್ತಾರೆ. ನೋಡಿದೀರಾ?"

"ಅವರು ಸ್ವಂತ ಮನೆಯವರು. ಅವರ ಮಾತು ನಡೆಯುತ್ತೆ," ಎಂದ ಹಾಲೇಶ.

"ಮನೆ ಸ್ವಂತವಾ ಬಾಡಿಗೆಯಾ ಅಂತ ಲೆಕ್ಕ ಕೇಳಲ್ಲ ಅಂಕಲ್. ಅವರ ಮಕ್ಕಳಿಗೆ ಕೆಮ್ಮು, ಉಬ್ಬಸ ಇತ್ತು, ಅವರು ಹೇಳಿದ್ರು. ಅಷ್ಟು ಮಕ್ಕಳು ಅಂತ ಲೆಕ್ಕ ಸಿಕ್ತು, ಡಾಕ್ಟರ್ ಬಂದ್ರು. ಈ ಓಣಿ ನಮ್ಮ ಮ್ಯಾಪ್‌ನಲ್ಲಿ ಎಕ್‌ದಮ್ ಹಸಿರು. ಒಂದು ಮಗುಗೂ ಏನೂ ಇಲ್ಲ. ಅದಕ್ಕೇ ಯಾರೂ ಬರಲ್ಲ."

ನೀಲಾ ಚಹಾದ ಲೋಟ ಇಟ್ಟಳು. "ಯಾರೂ ಕಾಯಿಲೆ ಅಂತ ಆಸ್ಪತ್ರೆಗೇ ಹೋಗಿಲ್ವಾ?"

"ಇಲ್ಲಿ ಹೋಗಿಲ್ಲ ಆಂಟಿ."

ಇಲ್ಲಿ ಎಂಬ ಮಾತಿಗೆ ನೀಲಾ ತಲೆಯೆತ್ತಿದಳು. ಅವರು ಮಗಳನ್ನು ತೋರಿಸುತ್ತಿದ್ದುದು ದಾವಣಗೆರೆಯಲ್ಲಿ. ನಮ್ಮ ಡಾಕ್ಟರು, ನಮ್ಮ ಭಾಷೆ, ನಾಲ್ಕು ಮಾತು ಬಿಚ್ಚಿ ಹೇಳಬಹುದು ಎಂದು ರೈಲು ಹತ್ತುತ್ತಿದ್ದರು. ಊರಿಗೆ ಹೋಗುವವರೆಗೆ ಮಗು ಕೆಮ್ಮುತ್ತಲೇ ಇರುತ್ತಿತ್ತು.

"ನಮ್ಮ ಪಾಪುನ ಊರಲ್ಲಿ, ದಾವಣಗೆರೇಲಿ ತೋರಿಸ್ತೀವಿ," ಎಂದಳು ನೀಲಾ. ದನಿ ಸಣ್ಣದಾಗಿತ್ತು. "ಹೋದ ಸಲ ಗೌರಿ ಹಬ್ಬದಲ್ಲಿ ಹೋದದ್ದು ಅದಕ್ಕೇ."

ಗುರುಕಿರಣ್ ಲೋಟ ಕೆಳಗಿಟ್ಟ. "ಹಬ್ಬಕ್ಕ ಹೊಂಟೀವಿ ಅಂದಿದ್ರಲ್ಲ ವೈನೀ?"

"ಹಬ್ಬಾನೂ ಮಾಡಿದ್ವಿ."

ಅವನು ಮುಂದಕ್ಕೆ ಬಾಗಿ ಕೂತ. ಆಮೇಲೆ, "ನಮ್ಮ ಮಗ ಮಂಥನ್‌ನ ಅಜ್ಜಿ ಕಡೆ ಬಿಟ್ಟು ಬಂದದ್ದೂ ಅದಕ್ಕ," ಎಂದ. "ಅಜ್ಜಿ ಬಿಡವಲ್ಲಳು ಅಂತ ನಿಮಗ ಹೇಳಿದ್ದೆ. ಹುಡುಗಗ ಇಲ್ಲಿ ಉಸಿರು ಹಿಡೀತದ."

ಒಂದೇ ಕಟ್ಟಡ, ಒಂದೇ ಮೆಟ್ಟಿಲು. ಕೊತ್ತಂಬರಿ ಸೊಪ್ಪಿನಿಂದ ಗ್ಯಾಸ್ ಸಿಲಿಂಡರಿನವರೆಗೆ ಕೊಟ್ಟು ತೆಗೆದುಕೊಳ್ಳುವ ಎರಡು ಮನೆ. ಮಕ್ಕಳ ಉಬ್ಬಸವನ್ನು ಮಾತ್ರ ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದರು.

"ದಾವಣಗೆರೆಯ ಲೆಕ್ಕದಲ್ಲಿ ನಿಮ್ಮ ಮಗಳು ಆ ಊರವಳಲ್ಲ," ಎಂದಳು ವಿಭಾ. "ಸೂರತ್ ಲೆಕ್ಕದಲ್ಲಿ ಅವಳಿಗೆ ಕಾಯಿಲೆ ಇಲ್ಲ. ಹಾಗಾದ್ರೆ ಇಲ್ಲಿ ಕೂತು ಕೆಮ್ಮುತಾ ಇರೋದು ಯಾರು?"

ಹಾಲೇಶ ಕೊನೆಗೆ ಬಾಯಿಬಿಟ್ಟ. "ನಾಳೆ ಕಾರ್ಖಾನೆಯಿಂದಲೇ ಹೀಗಾಯ್ತು ಅಂತ ನಾನು ಹೇಳಿದ ಹಾಗೆ ಆದರೆ? ನನ್ನ ಕೆಲಸ ಹೋದರೆ?"

"ಯಾಕೆ ಆಯ್ತು ಅಂತ ನಾನು ಕೇಳ್ತಾನೇ ಇಲ್ಲ. ಅದನ್ನ ಡಾಕ್ಟರ್ ಹುಡುಕಲಿ. ನಿಮ್ಮ ಹೆಸರು ಮಾಲೀಕರಿಗೂ ಹೋಗಲ್ಲ, ಕಾರ್ಖಾನೆಗೂ ಹೋಗಲ್ಲ. ಮ್ಯಾಪ್‌ನಲ್ಲಿ ಓಣಿ ಕಾಣುತ್ತೆ, ಎಷ್ಟು ಮಕ್ಕಳು ಅಂತ ಕಾಣುತ್ತೆ. ಬಸ್, ಅಷ್ಟೇ."

ಚಾಪೆಯ ಕಡೆಯಿಂದ ಮಗುವಿನ ಉಸಿರಿನ ಸಿಳ್ಳೆ ಮತ್ತೆ ಕೇಳಿತು. ಹಾಲೇಶ ಎದ್ದು ಕಪಾಟು ತೆಗೆದು ಮಗಳು ಉಸಿರಿಗೆ ಎಳೆದುಕೊಳ್ಳುವ ಔಷಧಿಯ ಪಂಪು, ಇನ್ನೊಂದು ಔಷಧಿಯ ಬಾಟಲಿ ತಂದು ವಿಭಾಳ ಮುಂದಿಟ್ಟ.

"ಬರ್ಕೊಳಮ್ಮ. ಉಬ್ಬಸ ಇದೆ. ಎರಡು ವರ್ಷದಿಂದ ಇದೆ."

ನೀಲಾ ಗಂಡನ ಪಕ್ಕದಲ್ಲಿ ಬಂದು ಕೂತಳು. ಗುರುಕಿರಣ್ ತನ್ನ ಮಗನದನ್ನೂ ಹೇಳಿ, ಪಕ್ಕದ ಕಟ್ಟಡದ ಕನ್ನಡದವರನ್ನು ತಾನೇ ಹೋಗಿ ಕರೆತಂದ. "ಬರ್ರಿ, ನಿಮ್ಮದೂ ಹೇಳ್ರಿ, ನಾಚಿಕಿ ಬಿಡ್ರಿ!" ಎಂಬ ಅವನ ದನಿ ಓಣಿಯಿಡೀ ಕೇಳಿತು. ಹಬ್ಬಕ್ಕೆಂದು ಊರಿಗೆ ಹೋದವರಲ್ಲಿ ಡಾಕ್ಟರ ಬಳಿಗೆ ಹೋದವರೇ ಹೆಚ್ಚಾಗಿದ್ದರು.

ಮುಂದಿನ ತಿಂಗಳು ಓಣಿಯ ಕೊನೆಯಲ್ಲಿರುವ ಸಮುದಾಯ ಭವನದಲ್ಲಿ ಮಕ್ಕಳ ತಪಾಸಣೆ ಶುರುವಾಯಿತು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಉಸಿರಾಟದ ಔಷಧಿ ಬಂತು, ಆವಿ ಕೊಡುವ ಯಂತ್ರ ಬಂತು. ನಿಶ್ಚಿತಾಳಿಗೆ ಯಾವ ಔಷಧಿ ದಿನವೂ ಬೇಕು, ಯಾವುದು ಕಷ್ಟವಾದಾಗ ಮಾತ್ರ ಎಂದು ಡಾಕ್ಟರು ನೀಲಾಳಿಗೆ ತಿಳಿಸಿ ಹೇಳಿದರು. ಮಂಥನ್ ಅಜ್ಜಿಯ ಮನೆಯಿಂದ ವಾಪಸ್ ಬಂದ. ಈಗ ಅವನ ಗಲಾಟೆಗೆ ಕೆಳಗಿನ ಮನೆಯವರು ಬೈಯುವಂತಾಗಿದೆ.

ಓದುವ ನೀವೂ ಊರು ಬಿಟ್ಟು ಬಂದವರಿರಬಹುದು. ಕಾಯಿಲೆಯನ್ನು ಊರಿಗೆ ಹೋಗುವ ದಿನಕ್ಕೆ ಎತ್ತಿಡಬೇಡಿ. ನೀವು ಇರುವ ಓಣಿಯಲ್ಲೇ ತೋರಿಸಿ, ಅಲ್ಲೇ ಲೆಕ್ಕಕ್ಕೆ ಬನ್ನಿ. ಬಾಗಿಲಿಗೆ ಬಂದು ಕೇಳಿದವರ ಗುರುತಿನ ಚೀಟಿ ನೋಡಿ, ಯಾಕೆ ಕೇಳುತ್ತೀರಿ ಎಂದು ವಿಚಾರಿಸಿ, ಆಮೇಲೆ ಇದ್ದದ್ದನ್ನು ಇದ್ದಂತೆ ಹೇಳಿ. ಮನೆಯ ಪ್ರತಿಯೊಬ್ಬರದನ್ನೂ ಹೇಳಿ. ನೀವು ಹೇಳಿದರೆ ನಿಮ್ಮ ಪಕ್ಕದ ಮನೆಯ ಮಗುವಿಗೂ ಡಾಕ್ಟರು ಬರುತ್ತಾರೆ.

ಆ ದಿನ ಹೊರಡುವಾಗ ವಿಭಾ, "ನಿಮಗೆ, ಅಂಕಲ್?" ಎಂದು ಕೇಳಿದ್ದಳು. ಹಾಲೇಶ ನಕ್ಕು, ಅವಳು ಚಪ್ಪಲಿ ಮೆಟ್ಟಲೆಂದು ಪಕ್ಕಕ್ಕೆ ಸರಿದಿದ್ದ. ಲ್ಯಾಬಿನಿಂದ ಬಂದು ಮೆಟ್ಟಿಲು ಹತ್ತುವಾಗ ತನಗೂ ಉಸಿರು ಸಾಲುವುದಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ.