ಹುಳದ ಮನೆಯ ಹೊಸಿಲು

ಚನ್ನಾಜಮ್ಮನ ಹುಳದ ಮನೆಗೆ ಕಾಲಿಡಬೇಕಾದರೆ ಆ ಮಹಾರಾಜನೇ ಬಂದರೂ ಕಾಲು ತೊಳೆಯಲೇಬೇಕು. ಯಳಂದೂರು ಸೀಮೆಯಲ್ಲಿ ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲು ತೊಳೆ, ಕೈಗೆ ಸೋಪು ಹಾಕು, ಹೊಸಿಲ ಬಳಿ ಹಾಸಿದ ಸುಣ್ಣದ ಗೋಣಿ ತುಳಿದು ಒಳಗೆ ಬಾ. ಗಂಡ ಪುಟ್ಟಮಾದಪ್ಪ ಒಮ್ಮೆ ಮರೆತು ಹಾಗೇ ನುಗ್ಗಿದ್ದಕ್ಕೆ ಮೂರು ದಿನ ಬೈಸಿಕೊಂಡಿದ್ದ. ಪಾಪ, ಅವನು ಹೋಗಿದ್ದು ಅವಳಿಗೇ ಕಾಫಿ ಕೊಡಲು.

ಕಾಲು ತೊಳೆದರೂ ಒಳಗೆ ಬರುವಂತಿಲ್ಲದವಳು ಒಬ್ಬಳಿದ್ದಳು. ಅವಳೇ ಕೋಮಲ, ಚನ್ನಾಜಮ್ಮನ ತಮ್ಮನ ಮಗಳು.

ತಮ್ಮ ಅಜ್ಜೀಪುರದಲ್ಲಿದ್ದ. ಅವನೂ ಅವನ ಹೆಂಡತಿಯೂ ಎರಡು ವರ್ಷದ ಅಂತರದಲ್ಲಿ ಎಚ್‌ಐವಿಯಿಂದ ತೀರಿಕೊಂಡರು. ಪರೀಕ್ಷೆ ಮಾಡಿಸುವ ಹೊತ್ತಿಗೆ ತಡವಾಗಿತ್ತು. ಹುಟ್ಟುವಾಗಲೇ ಮಗುವಿಗೂ ಬಂದಿತ್ತು. ಕೋಮಲಳಿಗೆ ಈಗ ಹದಿಮೂರು. ದಿನಾ ಬೆಳಗ್ಗೆ ಎಂಟಕ್ಕೆ ಒಂದು ಮಾತ್ರೆ ನುಂಗಿ ಎಂಟನೇ ಕ್ಲಾಸಿಗೆ ಹೋಗುತ್ತಾಳೆ. ನೋಡಿದರೆ ಯಾವ ಕಾಯಿಲೆಯೂ ಕಾಣದ, ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುವ ಹುಡುಗಿ.

"ನಮ್ ತಮ್ಮನ್ ಕೂಸು, ಬೀದಿಗೆ ಬುಡಕಾಯ್ತದಾ?" ಎಂದು ಚನ್ನಾಜಮ್ಮನೇ ಹೋಗಿ ಕರೆತಂದಿದ್ದಳು. ಹೆಂಗಸು ಕೆಟ್ಟವಳಲ್ಲ. ಆದರೆ ಮೂವತ್ತು ವರ್ಷ ಹುಳ ಸಾಕಿದ ತಲೆ ಅದು. ರೋಗ ಎಂದರೆ ಅಂಟುವುದು ಎಂದೇ ಅವಳ ಲೆಕ್ಕ. ಹುಡುಗಿಗೆ ಬೇರೆ ತಟ್ಟೆ, ಬೇರೆ ಸೋಪು, ಪಡಸಾಲೆಯಲ್ಲಿ ಬೇರೆ ಹಾಸಿಗೆ. ಹುಳದ ಮನೆಯ ಕಡೆ ತಲೆ ಹಾಕುವಂತಿಲ್ಲ.

ಈ ಸಲದ ಬೆಳೆಯಲ್ಲಿ ಒಂದಷ್ಟು ಹುಳಕ್ಕೆ ಹಾಲುತೊಂಡೆ ಬಂತು. ಮೈ ಊದಿ, ಚರ್ಮ ಒಡೆದು ಹಾಲಿನಂಥ ನೀರು ಸೋರುವ ರೋಗ. ಚನ್ನಾಜಮ್ಮ ಅಂಥ ಹುಳಗಳನ್ನು ಒಂದೊಂದಾಗಿ ಆರಿಸಿ ತಂದು ಅಂಗಳದ ಸುಣ್ಣದ ಮಡಕೆಗೆ ಹಾಕುತ್ತಿದ್ದಳು. ಕೋಮಲ ಜಗಲಿಯ ಮೇಲೆ ಕೂತು ನೋಡುತ್ತಿದ್ದಳು.

"ಅತ್ತೆ, ಅವು ಇನ್ನೂ ಅಲ್ಲಾಡ್ತಾ ಅವೆ."

"ಅಲ್ಲಾಡುದ್ರೇನು? ರೋಗ ಬಂದ್‌ಮ್ಯಾಲೆ ಮಡೀಕಳಕಾಯ್ತದಾ? ಒಂದ್ರಿಂದ ತಟ್ಟೆಗ್‌ ತಟ್ಟೆನೇ ಕೆಟ್ಟೋಯ್ತದೆ" ಎಂದಳು ಚನ್ನಾಜಮ್ಮ, ತಲೆ ಎತ್ತದೆ. ಹುಳದ ಮಾತು ಹುಳಕ್ಕೇ ಎಂದು ಅವಳು ತಿಳಿದಿದ್ದಳು. ಅದೇ ದಿನ ಊಟದ ಹೊತ್ತಿನಲ್ಲಿ ಗಂಡನಿಗೆ, "ಈ ವರ್ಷ ಮುಗೀಲಿ, ಕೂಸ್ನ ಎಲ್ಲಾರ ಆಸ್ಟೆಲ್ಗೆ ಸೇರ್ಸುಮ" ಎಂದೂ ಹೇಳಿದಳು. ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ.

ಹತ್ತು ದಿನ ಕಳೆದು ಶಾಲೆಯ ಗುರುಪ್ರಕಾಶ್ ಮೇಷ್ಟ್ರು ಮನೆಗೇ ಬಂದು ಪೋಷಕರ ಸಭೆಗೆ ಕರೆದರು.

"ಉಳ ಅಣ್ಣಾಯ್ತಾ ಅವೆ ಸಾ, ಗೂಡ್ ಕಟ್ಟೋ ಹೊತ್ತು, ಮೀಟಿಂಗ್‌ಗೆಲ್ಲ ಪುರುಸೊತ್ತಿಲ್ಲ!"

"ಒಂದು ಗಂಟೆ ಬನ್ನಿ ಚನ್ನಾಜಮ್ಮ, ನಿಮ್ಮ ಹುಳ ಓಡಿಹೋಗಲ್ಲ" ಎಂದರು ಮೇಷ್ಟ್ರು.

ಸಭೆಗೆ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕಿ ಯಶೋದ ಬಂದಿದ್ದರು. ಜನರನ್ನು ಕೂರಿಸಿಕೊಂಡು ಕಾಯಿಲೆಯ ವಿಚಾರ ಸಮಾಧಾನವಾಗಿ ತಿಳಿಸಿ ಹೇಳುವ ಕೆಲಸ ಅವರದು. ಹಿಂದಿನ ದಿನವೇ ಮಕ್ಕಳಿಗೆ ಎಚ್‌ಐವಿ ಪಾಠ ಮಾಡಿ, ಮುಂದೆ ಒಂದು ಡಬ್ಬಿ ಇಟ್ಟು, "ಮನಸ್ಸಲ್ಲಿರೋ ಪ್ರಶ್ನೆ ಬರೆದು ಹಾಕಿ, ಹೆಸರು ಬೇಡ, ದೊಡ್ಡವರ ಮುಂದೆ ಓದಿ ಉತ್ತರ ಹೇಳ್ತೀವಿ" ಎಂದಿದ್ದರಂತೆ.

ಅಷ್ಟಕ್ಕೇ ಊರಿನ ಹಿರಿಯ ಗುರುಮಲ್ಲಪ್ಪ ಎದ್ದು ನಿಂತ. "ಮೇಡಂ, ಸ್ಕೂಲ್ ಮಕ್ಕಳ್ಗೆ ಇಂತವೆಲ್ಲ ಯಾಕೆ?"

"ನಾವು ಹೇಳದೇ ಹೋದ್ರೆ ಮೊಬೈಲು ಹೇಳ್ತದೆ ಗುರುಮಲ್ಲಪ್ಪನೋರೇ" ಎಂದರು ಮೇಷ್ಟ್ರು. "ಅದು ಸುಳ್ಳೂ ಹೇಳ್ತದೆ." ಗುರುಮಲ್ಲಪ್ಪನ ಜೇಬಿನಲ್ಲಿ ಮೊಬೈಲು ಅದೇ ಹೊತ್ತಿಗೆ ಕೂಗಿಕೊಂಡಿತು, ಎಲ್ಲರೂ ನಕ್ಕರು. ಅವನು ಕೂತ.

ಯಶೋದ ಚೀಟಿ ತೆಗೆದರು. ಸೊಳ್ಳೆ ಕಚ್ಚಿದರೆ ಬರುತ್ತದಾ? ಬರುವುದಿಲ್ಲ. ಜೊತೆಯಲ್ಲಿ ಕಬಡ್ಡಿ ಆಡಿದರೆ, ಒಂದೇ ತಟ್ಟೆಯಲ್ಲಿ ಉಂಡರೆ? ಬರುವುದಿಲ್ಲ. ನಾಲ್ಕನೇ ಚೀಟಿ ಓದುವಾಗ ಅವರ ದನಿ ನಿಧಾನವಾಯಿತು.

"ಹಾಲುತೊಂಡೆ ಬಂದ ಹುಳ ಇನ್ನೂ ಅಲ್ಲಾಡುತ್ತಿದ್ದರೂ ಸುಣ್ಣಕ್ಕೆ ಹಾಕುತ್ತಾರೆ. ಮನುಷ್ಯರಿಗೆ ರೋಗ ಬಂದರೆ ಎಲ್ಲಿಗೆ ಹಾಕುತ್ತಾರೆ?"

ಅಲ್ಲಿದ್ದವರ ಮನೆಮನೆಯಲ್ಲೂ ಹುಳವಿತ್ತು, ಯಾರ ಮಗು ಬರೆದದ್ದೋ ಯಾರಿಗೂ ತಿಳಿಯಲಿಲ್ಲ. ಚನ್ನಾಜಮ್ಮನಿಗೆ ಮಾತ್ರ ಗೊತ್ತಾಯಿತು. ಅಯ್ಯೋ ಶಿವನೇ, ನನ್ನ ಬಾಯಿಗೆ ಮಣ್ಣು ಹಾಕ! ಆ ಕೂಸಿನ ಕಿವಿಗೆ ನಾನು ಏನು ಹೇಳಿಬಿಟ್ಟೆ ಎಂದುಕೊಂಡಳು. ಕೂಡಲೇ ಎದ್ದು ಕೇಳಿದಳು.

"ಮೇಡಂ, ನಮ್ ಉಳದ್ ರೋಗ ತಟ್ಟೆಗಂಟ್ತದೆ, ಸೊಪ್ಗಂಟ್ತದೆ, ಕೈಗಂಟ್ತದೆ. ಇದು ಅಂಗಲ್ವಾ?"

"ಒಳ್ಳೇದು ಕೇಳಿದ್ರಿ ಅಮ್ಮ. ನಮ್ಮಪ್ಪನೂ ರೇಷ್ಮೆ ಸಾಕಿದೋರೇ" ಎಂದರು ಯಶೋದ. "ಹಾಲುತೊಂಡೆ ರೋಗಾಣು ಹುಳದ ಮೈಯಿಂದ ಹೊರಗೆ ಬಂದ್ರೂ ಸಾಯಲ್ಲ. ತಟ್ಟೆಗೆ, ನೆಲಕ್ಕೆ ಮೆತ್ಕೊಂಡು ತಿಂಗಳುಗಟ್ಟಲೆ ಬದುಕಿರುತ್ತೆ. ಅದಕ್ಕೇ ಅಲ್ವಾ ನಾವು ಸುಣ್ಣ, ಬ್ಲೀಚಿಂಗ್ ಪೌಡರ್ ಹಾಕೋದು? ಎಚ್‌ಐವಿ ಹಾಗಲ್ಲ. ಮೈಯಿಂದಾಚೆ ಅದು ಬಾಳಲ್ಲ. ಲೋಟ, ಹಾಸಿಗೆ, ಕೆಮ್ಮು, ಮುಟ್ಟೋದು, ಮುದ್ದು ಮಾಡೋದು, ಯಾವುದರಿಂದಲೂ ಬರಲ್ಲ."

ಹಾಗಾದರೆ ಹೇಗೆ ಬರುತ್ತದೆ ಎಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಸೋಂಕಿರುವವರ ಜೊತೆ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ. ಪರೀಕ್ಷೆ ಮಾಡದ ರಕ್ತ. ಚಿಕಿತ್ಸೆ ಪಡೆಯದ ತಾಯಿಯಿಂದ ಮಗುವಿಗೆ. ಕಾಂಡೋಮ್ ಎಂದ ಕೂಡಲೇ ಗಂಡಸರೆಲ್ಲ ಫ್ಯಾನು ನೋಡತೊಡಗಿದರು, ಕರೆಂಟು ಹೋಗಿ ಫ್ಯಾನು ನಿಂತು ಅರ್ಧ ಗಂಟೆಯಾಗಿತ್ತು.

"ಮಾತ್ರೆ ತಪ್ಪದೆ ತಗೊಂಡ್ರೆ ವೈರಸ್ಸು ರಕ್ತದಲ್ಲಿ ಪರೀಕ್ಷೆಗೂ ಸಿಗದಷ್ಟು ಕಮ್ಮಿ ಆಗುತ್ತೆ. ಸೋಂಕಿರೋ ಮಗುವೂ ಓದುತ್ತೆ, ದುಡಿಯುತ್ತೆ, ಮದುವೆ ಆಗುತ್ತೆ, ಅದಕ್ಕೂ ಸೋಂಕಿಲ್ಲದ ಮಕ್ಕಳಾಗ್ತವೆ. ಆದ್ರೆ ಮಾತ್ರೆ ಬಿಟ್ರೆ ಕಷ್ಟ. ಮನೆಯೋರು ದೂರ ಮಾಡಿದ್ರೆ ಮಕ್ಕಳು ಮಾತ್ರೆ ಬಿಟ್ಟುಬಿಡ್ತವೆ ಅಮ್ಮ."

ಆ ಮಾತು ಕೇಳಿದ್ದೇ ತಡ, ಚನ್ನಾಜಮ್ಮ ಮನೆಗೆ ಧಾವಿಸಿದಳು. ಮಾತ್ರೆ ಡಬ್ಬಿ ಸುರಿದು ಎಣಿಸಿದಳು. ಇರಬೇಕಾದ್ದಕ್ಕಿಂತ ನಾಲ್ಕು ಹೆಚ್ಚಿತ್ತು. ಶಾಲೆಯಿಂದ ಆಗತಾನೇ ಬಂದ ಕೋಮಲ ಬಾಗಿಲಲ್ಲೇ ನಿಂತಳು.

"ಯಾಕವ್ವ ಮಾತ್ರೆ ತಕಂಡಿಲ್ಲ?"

ಹುಡುಗಿ ಅಳಲಿಲ್ಲ. "ಎಂಗಿದ್ರೂ ಆಚ್ಗೆ ಆಕೋದೇ ಅಲ್ವಾ ಅತ್ತೆ? ಮಾತ್ರೆ ಯಾಕೆ?" ಎಂದಳು.

ಕರೆತಂದು ಒಂದು ವರ್ಷವಾದರೂ ಚನ್ನಾಜಮ್ಮ ಆ ಹುಡುಗಿಯ ತಲೆ ಸವರಿರಲಿಲ್ಲ. ಈಗ ಎಳೆದು ತಬ್ಬಿಕೊಂಡಳು. "ಎಲ್ಗೂ ಆಕಲ್ಲ ಕಣ್ ಮಗ. ನೀನೇನ್ ಉಳ್ವಾ? ನಮ್ಮನೆ ಕೂಸು. ತಿಳೀದೆ ತಪ್ ಮಾಡ್ಬುಟ್ಟೆ ಕಣವ್ವ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಆಗ ಕೋಮಲಳೂ ಅತ್ತಳು.

ಪುಟ್ಟಮಾದಪ್ಪ ಆಸ್ಪತ್ರೆಗೆ ಫೋನ್ ಮಾಡಿದ. ಇವತ್ತಿನ ಮಾತ್ರೆ ಈಗಲೇ ಕೊಡಿ, ನಾಳೆ ಕರೆತನ್ನಿ, ಮಗುವನ್ನು ಬೈಬೇಡಿ ಎಂದರು ಅಲ್ಲಿಯವರು. ಚನ್ನಾಜಮ್ಮ ತನ್ನ ಲೋಟದಲ್ಲೇ ನೀರು ಕೊಟ್ಟು ಮಾತ್ರೆ ನುಂಗಿಸಿದಳು. ಉಳಿದ ನೀರನ್ನು ತಾನೇ ಕುಡಿದಳು.

ಅಷ್ಟರಲ್ಲಿ ಹುಳದ ಮನೆಯಲ್ಲಿ ಹುಳಗಳು ಹಣ್ಣಾಗಿ ಹೊಳೆಯುತ್ತಿದ್ದವು. ಅವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಲು ತಡಮಾಡುವಂತಿಲ್ಲ. ಚನ್ನಾಜಮ್ಮ ಒಳಗೆ ಹೋಗಿ ತಿರುಗಿ ನೋಡಿದಳು. ಕೋಮಲ ಎಂದಿನಂತೆ ಹೊಸಿಲಾಚೆ ನಿಂತಿದ್ದಳು.

"ಯಾಕ್ ನಿಂತ್ಕಂಡೆ? ಕೆಲ್ಸ ಅದೆ, ಬಾ."

"ನಾನಾ ಅತ್ತೆ?"

"ಊಂ ಕಣ್, ನೀನೇ. ಕಾಲ್ ತೊಳ್ಕಂಡ್ ಬಾ, ಎಲ್ರಂಗೆ."

ಹುಡುಗಿ ಕಾಲು ತೊಳೆದು, ಸೋಪು ಹಾಕಿ ಕೈ ತೊಳೆದು, ಸುಣ್ಣದ ಗೋಣಿ ತುಳಿದು ಒಳಗೆ ಬಂದಳು. ಸಣ್ಣ ಬೆರಳು, ಚುರುಕು ಕೈ. ಅತ್ತೆ ಒಂದು ತಟ್ಟೆ ಆರಿಸುವಷ್ಟರಲ್ಲಿ ಅವಳು ಒಂದೂವರೆ ಆರಿಸಿದಳು.

ಗೂಡು ಬಿಡಿಸಿದ ಮೇಲೆ ಚನ್ನಾಜಮ್ಮ ಎರಡು ಒಳ್ಳೆಯ ಗೂಡು ಸೆರಗಿಗೆ ಕಟ್ಟಿಕೊಂಡು ಯಶೋದ ಅವರನ್ನು ಹುಡುಕಿ ಹೋದಳು. "ನಿಮ್ ಉಪಕಾರ ಈ ಜನ್ಮದಲ್ ಮರೆಯಕಿಲ್ಲ ಕಣವ್ವ" ಎಂದು ಕೈ ಮುಗಿದಳು.

"ನನಗಲ್ಲ ಅಮ್ಮ" ಎಂದರು ಯಶೋದ. "ಆ ಚೀಟಿ ಬರೆದ ಮಗು ಯಾವುದೋ, ಅದಕ್ಕೆ ಹೇಳಬೇಕು."

"ಅದ್ಕೂ ಹೇಳಿವ್ನಿ" ಎಂದಳು ಚನ್ನಾಜಮ್ಮ. ಕೋಮಲಳ ಹಾಸಿಗೆ ಈಗ ಅವಳ ಪಕ್ಕದಲ್ಲೇ ಇದೆ.

ಅಕ್ಕಂದಿರೇ, ಅಣ್ಣಂದಿರೇ, ಕೊಳ್ಳೇಗಾಲವಿರಲಿ, ಹನೂರಿರಲಿ, ಯಳಂದೂರಿರಲಿ, ನಿಮ್ಮ ಮಕ್ಕಳ ಶಾಲೆಯಲ್ಲಿ ಎಚ್‌ಐವಿ ಪಾಠ ನಡೆಯುವ ದಿನ ನೀವೂ ಹೋಗಿ ಕೂತು ಕೇಳಿ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ, ನಿಮ್ಮ ವಿಷಯ ಗುಟ್ಟಾಗಿರುತ್ತದೆ. 1097ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಬಸುರಿ ಹೆಂಗಸರು ತಪ್ಪದೆ ಪರೀಕ್ಷೆ ಮಾಡಿಸಿಕೊಂಡು, ಸೋಂಕಿದ್ದರೆ ಮಾತ್ರೆ ತೆಗೆದುಕೊಂಡರೆ ಮಗುವನ್ನು ಸೋಂಕಿನಿಂದ ಉಳಿಸಿಕೊಳ್ಳಬಹುದು. ಸೋಂಕಿದೆ ಎಂದು ಯಾವ ಮಗುವನ್ನೂ ಶಾಲೆಯಿಂದ ಹೊರಗಿಡುವಂತಿಲ್ಲ, ಅದು ಕಾನೂನು. ಅಪ್ಪ ಅಮ್ಮ ಇಲ್ಲದ ಮಕ್ಕಳಿಗೆ ಸರ್ಕಾರದ ನೆರವು ಏನೇನಿದೆ ಎಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ. ಯಾವ ಮಗುವಿಗೆ ಸೋಂಕಿದೆ ಎಂದು ಮಾತ್ರ ಪತ್ತೆ ಮಾಡಲು ಹೋಗಬೇಡಿ, ಗೊತ್ತಿದ್ದರೆ ಯಾರಿಗೂ ಹೇಳಬೇಡಿ.

ನಿಮ್ಮ ಹೊಸಿಲಾಚೆಯೂ ಅಂಥ ಮಗುವೊಂದು ನಿಂತಿರಬಹುದು. ಕಾಲು ತೊಳೆದು ಒಳಗೆ ಬಾ ಎನ್ನಿ, ಎಲ್ಲರ ಹಾಗೆ.