ಕೊಪ್ಪರಿಗೆಯ ಕೆಳಗೆ ಎರಡು ಕಾಲು

ಕೊಪ್ಪರಿಗೆಯೊಂದು ನಡೆದು ಬರುತ್ತಿದೆ, ಶಾಲೆಯ ಗೇಟು ದಾಟಿ, ಬೋರಲಾಗಿ, ಅದರ ಅಂಚಿನ ಕೆಳಗೆ ಸೀರೆಯ ನೆರಿಗೆ, ನೆರಿಗೆಯ ಕೆಳಗೆ ಎರಡು ಕಾಲು — ಅಲ್ಲ, ಶಿವಲಿಂಗಮ್ಮ, ಬಿಸಿಯೂಟದ ಶಿವಲಿಂಗಮ್ಮ, ಪಾಯಸಕ್ಕೆಂದು ಸಮುದಾಯ ಭವನದ ದೊಡ್ಡ ಪಾತ್ರೆ ತಲೆಯ ಮೇಲೆ ಕವುಚಿಕೊಂಡು ತರುತ್ತಿದ್ದಾಳೆ, ಇನ್ನೊಂದು ಪಾತ್ರೆ ತರಲು ಮತ್ತೆ ಹೋಗುತ್ತಾಳೆ, ನಾನು ನೋಡಬಾರದು, ನೋಡುತ್ತಿದ್ದೇನೆ. ಶಾಮಿಯಾನದಡಿ ವೇದಿಕೆಯ ಮೂರನೇ ಕುರ್ಚಿ, ಎದೆಗೆ ಬ್ಯಾಡ್ಜು, ಕೈಯಲ್ಲಿ ಬಾಡಿದ ಗುಲಾಬಿ, ಹೆಡ್‌ಮಾಸ್ತರು ದಯಾನಂದ್ ಮೈಕಿಗೆ ತುಟಿ ತಾಗಿಸಿಕೊಂಡು ನಮ್ಮ ಶಾಲೆಗೆ ಎಪ್ಪತ್ತೈದು ತುಂಬಿತು ಅನ್ನುತ್ತಿದ್ದಾರೆ, ಅವರು ಮುಗಿಸಿದರೆ ನಾನು, ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ, ಕಥೆ ಹೇಳುವವರು ಕುಮಾರಿ ಯಶೋಧಾ, ಕಥೆ ದೊರೆಯ ಕೊಪ್ಪರಿಗೆ. ಮುಂದಿನ ಸಾಲಿನ ಮಕ್ಕಳು ಈಗಲೇ ನಗುತ್ತಿದ್ದಾರೆ, ಅವಕ್ಕೆ ಕಥೆ ಬಾಯಿಪಾಠ, ನಾನೇ ಕಲಿಸಿದ್ದು, ನನಗೆ ಅಜ್ಜಿ ಕಲಿಸಿದ್ದು, ಅಜ್ಜಿ ಚಿಕ್ಕಲಕ್ಷ್ಮಮ್ಮ ಮೊರದ ತುಂಬ ಅವರೆಕಾಯಿ ಸುಲಿಯುತ್ತ, ಬಾ ಮಗ ಕೂತ್ಕೊ, ಒಸಿ ನೀನೂ ಸುಲಿ, ಬಿಳೀ ದೊರೆ ಬಂದಿದ್ನಂತೆ ನಮ್ಮೂರ್ಗೆ, ಇಟ್ಲಾಕ್ ದೊರೆ, ಅವ್ನಿಗೆ ಎಲ್ ಹೋದ್ರೂ ಮೀಯಕ್ಕೆ ತಾಮ್ರದ ಕೊಪ್ಪರಿಗೇನೇ ಆಗ್ಬೇಕು, ಅದನ್ನ ಕನಕಪುರದಿಂದ ಹೊತ್ಕೊಂಡು ಬಂದೋನು ಸಿದ್ದ ಅಂತ, ಬಿಟ್ಟಿ ಆಳು, ಪೆದ್ ನನ್ಮಗ. ನಿಮ್ ಮುತ್ತಾತನ ತಾತ ಪಟೇಲ ಅಲ್ವಾ, ತಮಾಸೆಗೆ, ನಾ ಹೇಳೋಗಂಟ ಇಳಿಸ್ಬ್ಯಾಡ ಕಣ್ಲಾ ಅಂದ್ಬುಟ್ಟು, ಮನೇಗ್ ಬಂದು ಮುದ್ದೆ ಉಂಡು ಮನೀಕಂಡ, ಮರ್ತೇಬುಟ್ಟ. ಸಂಜೆ ದೊರೆ ಡೇರೆಯಿಂದ ಈಚೆಗೆ ಬಂದು ನೋಡ್ತಾನೆ, ಕೊಪ್ಪರಿಗೆಗೆ ಎರಡು ಕಾಲು ಬಂದ್ಬುಟ್ಟವೆ. ಇಲ್ಲಿಗೆ ಬಂದರೆ ಅಜ್ಜಿ ಮೊರವನ್ನೇ ತಲೆಯ ಮೇಲೆ ಕವುಚಿಕೊಂಡು ಎದ್ದು ನಿಂತು ಮೊಣಕಾಲು ನಡುಗಿಸುತ್ತಿದ್ದಳು, ಕಾಳೆಲ್ಲ ನಡುಮನೆಯ ತುಂಬ ಉರುಳುತ್ತಿತ್ತು, ನಾನು ಬಿದ್ದು ಬಿದ್ದು ನಗುತ್ತಿದ್ದೆ, ದೊರೆಯೂ ಹಂಗೇ ನಕ್ಕನಂತೆ, ನಕ್ಕು ಪಟೇಲನಿಗೆ ಬೆಳ್ಳಿ ಹಿಡಿಯ ಬೆತ್ತ ಕೊಟ್ಟನಂತೆ, ಅದು ಇವತ್ತಿಗೂ ನಮ್ಮ ದೇವರ ಮನೆಯ ಮೂಲೆಯಲ್ಲಿದೆ, ಹಬ್ಬಕ್ಕೆ ಅದಕ್ಕೂ ಅರಿಶಿನ ಕುಂಕುಮ. ಸಿದ್ದನ ವಂಶಕ್ಕೆ ಊರು ಕೊಪ್ಪರಿಗೆಯವರು ಅಂತಲೇ ಹೆಸರಿಟ್ಟಿತು, ಐದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಸೌಮ್ಯ, ಶಿವಲಿಂಗಮ್ಮನ ಮಗಳು, ಅವಳನ್ನು ನಾನೂ ಹಾಗೇ ಕರೆದೆ, ಕೊಪ್ಪರಿಗೆ ಸೌಮ್ಯ, ಅವಳು ನಕ್ಕಳು, ನಕ್ಕಳು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಲತಾಮಣಿ ಮೇಡಂ ಆ ಡೈರಿ ಕೊಡದೇ ಇದ್ದಿದ್ದರೆ. ರಾಮನಗರದ ಕಾಲೇಜಿನಲ್ಲಿ ಇತಿಹಾಸ ಹೇಳುವವರು, ಲಂಡನ್ನಿನ ಯಾವುದೋ ಮನೆಯ ಅಟ್ಟದಿಂದ ಬಂದ ಡೈರಿಯ ಜೆರಾಕ್ಸು, ನಿಮ್ಮ ಕಡೆಯದೇ ಇದೆ ಯಶೋಧಾ, ಕನ್ನಡಕ್ಕೆ ತಂದುಕೊಡಿ ಅಂದರು, ಅಸಿಸ್ಟೆಂಟ್ ಕಮಿಷನರ್ ವಿಟ್‌ಲಾಕ್, ನಮ್ಮ ಅಜ್ಜಿಯ ಇಟ್ಲಾಕ್, ಕಥೆಯೊಳಗಿನ ಮನುಷ್ಯ ನಿಜವಾಗಿಯೂ ಇದ್ದ, ಶಾಯಿಯಲ್ಲಿ ಬರೆದಿದ್ದ, ನನಗೆ ಮೈ ಜುಮ್ಮೆಂದಿತ್ತು. ಎರಡು ತಿಂಗಳು ಅವನ ಜೊತೆಗೇ ಇದ್ದೆ, ನಸುಕಿಗೆ ಎದ್ದು ಕುದುರೆ ಹತ್ತುತ್ತಾನೆ, ಗಡಿಕಲ್ಲು ನೋಡುತ್ತಾನೆ, ಕೆರೆ ಏರಿಯ ಮೇಲೆ ನಡೆದು ತೂಬು ಎಲ್ಲಿ ಸೋರುತ್ತದೆ ಅಂತ ಬರೆದುಕೊಳ್ಳುತ್ತಾನೆ, ಬಿಸಿಲೇರಿದ ಮೇಲೆ ತೋಪಿನಲ್ಲಿ ಮೇಜು ಹಾಕಿಸಿ ಅರ್ಜಿ ಕೇಳುತ್ತಾನೆ, ಅಣ್ಣತಮ್ಮಂದಿರ ಬದುವಿನ ಜಗಳ, ಯಾರದೋ ಬಾವಿ, ರುಜು, ರುಜು, ಕೈ ಮರಗಟ್ಟುವಷ್ಟು ರುಜು, ಮಾಗಡಿಯಲ್ಲಿ ಚಳಿಜ್ವರ, ಚನ್ನಪಟ್ಟಣದಲ್ಲಿ ಸೊಳ್ಳೆ, ಹೆಂಡತಿಯ ಕಾಗದ ಬರುವ ಹೊತ್ತಿಗೆ ಅದರೊಳಗಿನ ನೆಗಡಿ ವಾಸಿಯಾಗಿ ತಿಂಗಳಾಗಿರುತ್ತದೆ ಅಂತ ಬರೆಯುತ್ತಾನೆ, ಪಾಪ ಅನ್ನಿಸುತ್ತಿತ್ತು, ಬಸ್ಸಿನ ಕಿಟಕಿಯಲ್ಲಿ ರಾಮನಗರದ ಬಂಡೆ ಕಂಡಾಗ ಅವನಿಗೂ ಇವು ಹೀಗೇ ಕಂಡಿದ್ದವಲ್ಲ ಅಂತ, ಹೇಳಲು ನಾಚಿಕೆ, ಒಂದು ಥರ ಒಲವೇ, ಸತ್ತು ಎಷ್ಟೋ ವರ್ಷವಾದ ಒಬ್ಬ ದೊರೆಯ ಮೇಲೆ. ಆಮೇಲೆ ಆ ಪುಟ, ಅವನದೇ ಮಾತಿನಲ್ಲಿ. ಸ್ನಾನದ ಕೊಪ್ಪರಿಗೆ ಹೊರುವವನು ಬೆಳಗ್ಗೆ ಡೇರೆಯ ಬಾಗಿಲಿಗೆ ಬಂದ, ಮೂರು ದಿನ ಹೊತ್ತು ತಂದವನು, ಅವನ ಗುಡಿಸಲು ತೋಪಿನಿಂದ ಕೂಗಳತೆಯಲ್ಲೇ ಇದೆಯಂತೆ, ಕೂಸಿಗೆ ಜ್ವರವಂತೆ, ಒಮ್ಮೆ ನೋಡಿ ಬರಲು ಬಿಡಬೇಕಂತೆ. ಮೇಜಿನ ಮೇಲೆ ನಲವತ್ತು ಅರ್ಜಿ ಇದ್ದವು. ಪಟೇಲನ ಕಡೆ ನೋಡಿದೆ, ತಾನು ನೋಡಿಕೊಳ್ಳುವುದಾಗಿ ಅವನು ಹೇಳಿದ. ಸಂಜೆ ಹೊರಗೆ ಬಂದರೆ ಆ ಮನುಷ್ಯ ಕೊಪ್ಪರಿಗೆಯ ಕೆಳಗೆ ನಿಂತಿದ್ದ, ನೇರವಾಗಿ ನನ್ನನ್ನೇ ಕೇಳಿದ್ದಕ್ಕೆ ಪಟೇಲ ಬೆಳಗಿನಿಂದ ನಿಲ್ಲಿಸಿದ್ದ. ಜವಾನರು ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಯಾರೋ ಬಂದು ಕೂಸನ್ನು ಮಧ್ಯಾಹ್ನವೇ ಹೂಳಿದ್ದಾಯಿತು ಎಂದರು. ಇಳಿಸು ಎಂದೆ. ಅವನು ಇಳಿಸಲಿಲ್ಲ. ಪಟೇಲನಿಗೆಂದು ತಂದಿದ್ದ ಬೆತ್ತವನ್ನು ಕೊಟ್ಟೆ. ತೂಬಿನ ರಿಪೇರಿ ಮಳೆಗೆ ಮುಂಚೆ ಆಗಬೇಕು. ಅಷ್ಟೇ, ಮರುದಿನ ಕ್ಲೋಸ್‌ಪೇಟೆ, ಅಂದರೆ ಈಗಿನ ರಾಮನಗರ, ಸೆಕೆ, ಮೂವತ್ತೊಂದು ಅರ್ಜಿ. ನಾನು ಪೆನ್ನು ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ, ತೊಳೆಯುತ್ತಲೇ ಇದ್ದೆ, ಕೂಗಳತೆ ಅಂದರೆ ಆ ಕೂಸು ಅತ್ತದ್ದು ಅವನಿಗೆ ಕೇಳಿಸುತ್ತಿತ್ತು, ಆಮೇಲೆ ಅಳು ನಿಂತದ್ದೂ ಕೇಳಿಸಿತು, ನಾವು ಆ ಕಾಲಿನ ನಡುಕವನ್ನು ಮೊರ ಹೊತ್ತು ಆಡಿ ತೋರಿಸಿದ್ದೇವೆ.

ಅದಕ್ಕೇ ನಿನ್ನೆ ಅಡುಗೆ ಕೋಣೆಗೆ ಹೋದೆ, ಹೇಳಿಬಿಡಬೇಕು ಅಂತ, ಎಲ್ಲ ಬಯಲಿಗೆ ತಂದವಳು ನಾನೇ ಎಂಬ ಒಳಗಿನ ಜಂಬವೂ ಇತ್ತೇನೋ, ಶಿವಲಿಂಗಮ್ಮ ಸಾರಿಗೆ ಹುಣಿಸೆ ಕಿವುಚುತ್ತಿದ್ದಳು, ಓ ಪಟೇಲ್ರ ಮನೆಯವ್ವ, ಹೊಗೆ ಐತೆ, ಸೀರೆ ಕೆಟ್ಟೋದಾತು ಅಲ್ಲೇ ನಿಂತ್ಕೊ ಅಂದಳು, ನಾನು ಬಾಗಿಲಲ್ಲೇ ನಿಂತು ಪುಟದಲ್ಲಿದ್ದದ್ದನ್ನು ತಡವರಿಸಿಕೊಂಡು ಹೇಳಿದೆ, ಅವಳ ಕೈ ನಿಲ್ಲಲಿಲ್ಲ. ಗೊತ್ತವ್ವ, ನಮ್ ಹಟ್ಟೀಲೂ ಹೇಳ್ತಾರೆ, ಆದ್ರೆ ನಮ್ಮಲ್ಲಿ ಅದು ಕೊಪ್ಪರಿಗೆ ಕತೆ ಅಲ್ಲ, ಕೂಸಿನ್ ಕತೆ, ಕೂಸಿಗೆ ಒಂದು ಹೆಸರೈತೆ. ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂದೆ, ಅಂದೆನಲ್ಲ, ನಾನು, ಅವಳಿಗೆ. ಯಾರ್ ಕೇಳುದ್ರು ಅಂದಳು, ಹುಣಿಸೆಯ ಚರಟ ಹಿಂಡಿ ಎಸೆದು, ನಾಳೆ ಹೇಳು ಹೋಗವ್ವ, ಚೆನ್ನಾಗಿ ಹೇಳ್ತೀಯ, ಮಕ್ಳು ನಗ್ತವೆ, ನಿಮ್ಮಜ್ಜಿ ಥರಾನೇ ಕಾಲು ನಡುಗಿಸ್ತೀಯಂತೆ. ಹೆಸರೇನು ಅಂತ ಆಗಲೂ ನಾನು ಕೇಳಲಿಲ್ಲ, ತಲೆ ಬಗ್ಗಿಸಿಕೊಂಡು ಮನೆಗೆ ಬಂದೆ, ದಾರಿಯಲ್ಲಿ ಹೊಳೆಯಿತು, ನನಗಿಂತ ನಾಲ್ಕೇ ವರ್ಷ ದೊಡ್ಡವರಾದ ಲತಾಮಣಿ ಮೇಡಂ ನನ್ನ ಬಾಯಲ್ಲಿ ‘ಅವರು’, ನಮ್ಮಮ್ಮನಿಗಿಂತ ಹಿರಿಯಳಾದ ಶಿವಲಿಂಗಮ್ಮ ಬರೀ ‘ಅವಳು’, ಯಾರೂ ಹೇಳಿಕೊಟ್ಟದ್ದಲ್ಲ, ಅವರೆಕಾಳಿನ ಜೊತೆ ಸುಲಿದುಕೊಂಡು ಬಂದದ್ದು. ಮನೆಯಲ್ಲಿ ಅಪ್ಪ, ಆ ಡೈರಿ ಗೀರಿ ಎಲ್ಲ ಸ್ಟೇಜಲ್ಲಿ ಎತ್ಬ್ಯಾಡ ಕಣವ್ವ, ಯಾವತ್ತಿನ್ದೋ, ಈಗ್ಯಾಕೆ ಊರ ಮುಂದೆ ಅಜ್ಜಿ ಮರ್ವಾದೆ ಕಳೀತೀಯ, ಅಂದರು, ಅಪ್ಪನಿಗೆ ಅಜ್ಜಿಯ ಮರ್ಯಾದೆ, ನನಗೂ ಅಜ್ಜಿಯೇ ಬೇಕು, ಅವಳ ಮೊರ ಬೇಕು, ಅವಳ ತೊಡೆಯ ಶಾಖ ಬೇಕು, ಅವಳ ಬಾಯಿಂದ ಆ ಒಂದು ಕಥೆಯನ್ನು ಮಾತ್ರ ಕಿತ್ತು ತೆಗೆಯುವುದು ಹೇಗೆ. ಚಪ್ಪಾಳೆ, ನನ್ನ ಹೆಸರು ಕೂಗಿದರು, ಈಗ ನಮ್ಮೂರಿನ ಹೆಮ್ಮೆಯ ಯಶೋಧಾ, ಗುಲಾಬಿ ಕುರ್ಚಿಯ ಮೇಲೆ ಉಳಿಯಿತು, ಮೈಕು ತಣ್ಣಗಿದೆ, ಅಪ್ಪ ಎರಡನೇ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿದ್ದಾರೆ, ಇದು ನಗುವ ಕಥೆಯಲ್ಲ ಅಂತ ಶುರು ಮಾಡಬೇಕು, ಹೀಗೇ ಅಂತ ಬೆಳಗಿನಿಂದ ಕಟ್ಟಿಕೊಂಡಿದ್ದೆ, ಬಾಯಿ ತೆರೆದೆ, ಬಾಯಿಗೆ ಅದರದೇ ರೂಢಿ, ಗುಡ್ಡ ಇಳ್ಕೊಂಡು ಒಂದು ಕೊಪ್ಪರಿಗೆ ಬತ್ತಾ ಇತ್ತಂತೆ, ಅದಕ್ಕೆ, ಅಂದುಬಿಟ್ಟೆ, ಎರಡು ಕಾಲು ಅಂತ ಮಕ್ಕಳೆಲ್ಲ ಒಟ್ಟಿಗೆ ಕೂಗಿ ನಕ್ಕವು, ಅಪ್ಪ ನಕ್ಕರು, ಗೇಟಿನ ಕಡೆಯಿಂದ ಎರಡನೇ ಪಾತ್ರೆ ಬರುತ್ತಿತ್ತು, ಬೋರಲಾಗಿ, ಮೈದಾನದ ನಡುವೆ ನಿಂತಿತು, ಮುಖ ಕಾಣುವುದಿಲ್ಲ, ಶಿವಲಿಂಗಮ್ಮ, ಅವರ ಮುಖ ಕಾಣುವುದಿಲ್ಲ, ಕೇಳಿಸಿಕೊಳ್ಳುತ್ತಿದ್ದಾರೆ, ಮುಂದಿನ ಮಾತಿಗೆ ಕಾಯುತ್ತಿದ್ದಾರೆ, ಇಳಿಸಿ ಅಮ್ಮ, ಇಳಿಸಿ, ನನ್ನ ಬಾಯಿಂದ ಬರುತ್ತಿಲ್ಲ, ಮೈಕಿನಲ್ಲಿ ನನ್ನ ಉಸಿರು ಮಾತ್ರ, ಹಿಮ್ಮಡಿಗೆ ಮೆತ್ತಿದ ಬೂದಿ, ಒಂದು ಕಾಲು ಒಸಿ ನಡುಗುತ್ತಿದೆ, ಇಳಿಸಿಲ್ಲ, ಕೊಪ್ಪರಿಗೆಯ ಕೆಳಗೆ ಎರಡು ಕಾಲು, ಇನ್ನೂ ಇಳಿಸಿಲ್ಲ, ಎರಡು ಕಾಲು