ಕೃತ್ತಿಕಾ ಕೇಳಿದ ಸಮಯ

ತಮಿಳುನಾಡಿನ ಸೋಮನೂರಿನ ಚಿನ್ನತಾಯಿಯ ಮಗಳು ಕೃತ್ತಿಕಾಳನ್ನು ಯಾರು ಏನು ಕೇಳಿದರೂ ಉತ್ತರ ಕೊಡುತ್ತಿದ್ದವಳು ಚಿನ್ನತಾಯಿ. ಮದುವೆ ಮನೆಯಲ್ಲಿ ಮಗಳಿಗೆ ಅನ್ನ ಬೇಕೋ ಸಾಕೋ ಎಂಬುದನ್ನೂ ಅವಳೇ ಹೇಳಿಬಿಡುತ್ತಿದ್ದಳು.

ಹುಟ್ಟಿನಿಂದಲೇ ಕೃತ್ತಿಕಾಳ ನಾಲಿಗೆ, ತುಟಿ ಅವಳ ಹಿಡಿತದಲ್ಲಿರಲಿಲ್ಲ. ಮಾತು ನಿಧಾನ, ಅಸ್ಪಷ್ಟ. ಹೊಸಬರಿಗೆ ಅರ್ಧ ತಿಳಿದರೆ ಹೆಚ್ಚು. ಓದು ಬರಹಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ನೇಕಾರರ ಮನೆಯ ಹೆಂಗಸರ ದುಡಿಮೆಯ ಬಗ್ಗೆ ಐದು ವರ್ಷ ಸಂಶೋಧನೆ ಮಾಡಿ ಪಿಎಚ್‌.ಡಿ. ಪ್ರಬಂಧ ಬರೆದಳು. ಉಳಿದದ್ದು ಮೌಖಿಕ ಪರೀಕ್ಷೆ. ಎಲ್ಲರೆದುರು ನಿಂತು ಉತ್ತರ ಹೇಳಬೇಕು.

ಚಿನ್ನತಾಯಿಗೆ ದಿಗಿಲು ಹತ್ತಿತು. ಪಕ್ಕದ ಮನೆಯ ತೆನ್ಮೊಳಿ ಮಕ್ಕಳಿಗೆ ಮಾತಿನ ತರಬೇತಿ ಕೊಡುವವಳು. ಅವಳ ಬಳಿ ಹೋಗಿ ಕೂತಳು.

"ಜನ ನಗ್ತಾರೆ ತೆನ್ಮೊಳಿ. ನಾನೇ ಪಕ್ಕದಲ್ಲಿ ನಿಂತು ಬಿಡಿಸಿ ಹೇಳ್ತೀನಿ. ಅದೂ ಆಗಲ್ಲ ಅಂದ್ರೆ ಈ ಪದವಿನೇ ಬೇಡ."

"ಏನ್ ಬೇಕೂಂತ ಕೃತ್ತಿಕಾನ್ನ ಕೇಳಿದ್ರಾ ಅಕ್ಕಾ?"

ಕೇಳಿರಲಿಲ್ಲ. ಇಬ್ಬರೂ ಮನೆಗೆ ಬಂದು ಕೇಳಿದರು. ಕೃತ್ತಿಕಾ ಬಾಯಿ ತೆರೆದಳು. ಚಿನ್ನತಾಯಿ ನಡುವೆ ಮಾತು ಸೇರಿಸಲು ಹೊರಟಾಗ ತೆನ್ಮೊಳಿ ಅವಳ ಕೈ ಹಿಡಿದಳು.

"ಟೈ... ಟೈಮು ಬೇಕು ಅಮ್ಮಾ," ಎಂದಳು ಕೃತ್ತಿಕಾ. "ನೀ ಮಾತಾಡದು ಬೇಡ."

ತೆನ್ಮೊಳಿ ಹೇಳಿಕೊಟ್ಟಂತೆ ಕೃತ್ತಿಕಾ ಅಂಗವೈಕಲ್ಯ ಪ್ರಮಾಣಪತ್ರ ಲಗತ್ತಿಸಿ ಕಾಲೇಜಿಗೆ ಪತ್ರ ಬರೆದಳು. ಉತ್ತರಿಸಲು ಹೆಚ್ಚು ಸಮಯ ಕೊಡಿ, ಬೇಕಾದಾಗ ಟೈಪ್ ಮಾಡಿ ಪರದೆಯ ಮೇಲೆ ತೋರಿಸಲು ಬಿಡಿ ಎಂದು ಕೇಳಿದಳು. ಕಾಲೇಜು ಒಪ್ಪಿತು.

ಪರೀಕ್ಷೆಯ ದಿನ ಚಿನ್ನತಾಯಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಹೆಂಗಸರು ನೂಲು ಸುತ್ತುವುದನ್ನು ನೇಯ್ಗೆಯಿಂದ ಬೇರೆ ಕೆಲಸವೆಂದು ಏಕೆ ಲೆಕ್ಕ ಹಿಡಿಯಬೇಕು ಎಂದು ಪರೀಕ್ಷಕರು ಕೇಳಿದರು. ಕೃತ್ತಿಕಾ ಶುರು ಮಾಡಿದಳು. ಮೂರನೇ ಪದಕ್ಕೆ ತಡೆದಾಗ ಪ್ರಾಧ್ಯಾಪಕರೊಬ್ಬರು, "ಅದು ಗಂಡನಿಗೆ ಮಾಡೋ ಸಹಾಯ ಅಂತ ತಾನೇ?" ಎಂದು ವಾಕ್ಯ ಮುಗಿಸಿಬಿಟ್ಟರು. ಚಿನ್ನತಾಯಿ ಎದ್ದೇಬಿಟ್ಟಳು. ಕೃತ್ತಿಕಾ ಅವಳತ್ತ ನೋಡಲಿಲ್ಲ. "ನಾನು ಹೇಳಲು ಹೊರಟದ್ದು ಅದಲ್ಲ" ಎಂದು ಪರದೆಯ ಮೇಲೆ ಬರೆದು, ಮತ್ತೆ ಬಾಯಲ್ಲೇ ಹೇಳತೊಡಗಿದಳು. ಸಹಾಯ ಎಂದು ಕರೆದದ್ದರಿಂದಲೇ ಆ ದುಡಿಮೆ ಯಾವ ದಾಖಲೆಗೂ ಸೇರಲಿಲ್ಲ ಎಂಬುದು ಅವಳ ಉತ್ತರ. ಹೇಳಿ ಮುಗಿಸಲು ನಾಲ್ಕು ನಿಮಿಷ ಹಿಡಿಯಿತು. ಯಾರೂ ನಗಲಿಲ್ಲ. ಪರೀಕ್ಷಕರು ಅದನ್ನು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋದರು.

ಪದವಿ ಸಿಕ್ಕಿತು. ಮರುವರ್ಷ ಅವಿನಾಶಿ ಊರಿನ ಬಳಿಯ ಕಾಲೇಜೊಂದರಲ್ಲಿ ಕೃತ್ತಿಕಾ ಉಪನ್ಯಾಸಕಿಯಾದಳು. ಪಾಠದ ಮುಖ್ಯಾಂಶಗಳನ್ನು ಪರದೆಯ ಮೇಲೆ ಹಾಕಿಯೇ ಮಾತಾಡುತ್ತಾಳೆ. ಮೊದಲು ಗೊಂದಲಪಟ್ಟ ವಿದ್ಯಾರ್ಥಿಗಳು ತಿಂಗಳೊಳಗೆ ಅವಳ ಮಾತಿಗೆ ಒಗ್ಗಿಕೊಂಡರು. ಪ್ರಬಂಧ ಪುಸ್ತಕವಾಯಿತು, ಎರಡನೆಯದನ್ನು ಬರೆಯುತ್ತಿದ್ದಾಳೆ.

ಪುಸ್ತಕವನ್ನು ತೆನ್ಮೊಳಿಯಿಂದ ಓದಿಸಿ ಕೇಳಿದಳು ಚಿನ್ನತಾಯಿ. ಆಮೇಲೆ ಹೇಳಿದಳು: "ಇಷ್ಟ್ ವರ್ಷ ಅವ್ಳ ಮಾತೂಂತ ನಾ ಹೇಳಿದ್ದೆಲ್ಲ ನನ್ ಮಾತೇ, ತೆನ್ಮೊಳಿ."

ನಿಮ್ಮ ಮನೆಯಲ್ಲೂ ಮಾತಿಗೆ ಕಷ್ಟಪಡುವ ಮಗು ಇರಬಹುದು. ಅದರ ಓದು ಬಿಡಿಸಬೇಡಿ. ವೈದ್ಯರಿಗೆ, ಮಾತಿನ ತರಬೇತುದಾರರಿಗೆ ತೋರಿಸಿ. ಮಾತಿನ ತೊಂದರೆಗೂ ಅಂಗವೈಕಲ್ಯ ಪ್ರಮಾಣಪತ್ರ ಸಿಗಬಹುದು, ವಿಚಾರಿಸಿ. ಪರೀಕ್ಷೆಯಲ್ಲಿ ಬೇಕಾದ ಅನುಕೂಲವನ್ನು ಮುಂಚೆಯೇ ಬರೆದು ಕೇಳಿ. ಇಂದು ಸಂಜೆ ಮಗುವಿಗೆ ಒಂದು ಪ್ರಶ್ನೆ ಕೇಳಿ, ಅದು ಹೇಳಿ ಮುಗಿಸುವ ತನಕ ಕಾಯಿರಿ.